ಮೂರನೆಯ ಕುಣಿಕೆ

ವೆರ್ಖ್ನಯಾ ಸಲ್ಗಾ, ಯುರಲ್
ನವೆಂಬರ್ 4, 1942

ತಾಸ್ಯಾ,

ನಿನ್ನ ಮುಕ್ಕೋನದ ಕಾಗದ ಬಂತು. ಲಕೋಟೆಯಿಲ್ಲದೆ ಹಾಳೆಯನ್ನೇ ಮಡಿಚಿ ಕಳಿಸುವ ಈ ಯುದ್ಧಕಾಲದ ಪದ್ಧತಿಗೆ ನಾನಿನ್ನೂ ಒಗ್ಗಿಲ್ಲ. ಬಿಡಿಸುವಾಗ ಎಲ್ಲಿ ಹರಿದುಬಿಡುತ್ತೇನೋ ಎಂದು ಪ್ರತಿ ಸಲವೂ ಭಯ. ಅತ್ತೆ ಮೊದಲು ಅದನ್ನು ಮೂಸಿ ನೋಡುತ್ತಾರೆ. "ಸೀಮೆಎಣ್ಣೆ ವಾಸ್ನೆ ಐತೆ. ನನ್ ಮಗ ಬದುಕವ್ನೆ" ಎಂದು ತೀರ್ಪು ಕೊಟ್ಟ ಮೇಲೇ ಅದು ನನ್ನ ಕೈಗೆ ಬರುವುದು.

ನೀನೂ ನಿನ್ನ ಭಾವನೂ ಒಂದೇ ದಳದಲ್ಲಿದ್ದೀರಿ ಎನ್ನುವುದೇ ಈ ಚಳಿಗಾಲದಲ್ಲಿ ನನಗಿರುವ ಸಮಾಧಾನ. ನರ್ಸ್ ತರಬೇತಿ ಮುಗಿಸಿದವಳು ಯುದ್ಧಕ್ಕೆ ಹೋಗೇ ಹೋಗುತ್ತೇನೆಂದು ನೀನು ಹಟ ಹಿಡಿದಾಗ, "ಹೋಗೋದಾದ್ರೆ ಇವರ ದಳಕ್ಕೇ ಹೋಗು" ಎಂದವಳು ನಾನೇ. ನಿಲ್ದಾಣದಲ್ಲಿ ನಿನ್ನ ಕೈಯನ್ನು ಅವರ ಕೈಯಲ್ಲಿಟ್ಟು, "ನನ್ನ ತಂಗಿ, ನೋಡ್ಕೊಳ್ಳಿ" ಎಂದೆ. ಅವರು ಎಂದಿನಂತೆ ತಲೆಯಾಡಿಸಿದರು.

ಕಾರ್ಖಾನೆಯಲ್ಲಿ ನಾವು ಏನು ಮಾಡುತ್ತೇವೆಂದು ಬರೆಯುವ ಹಾಗಿಲ್ಲ. ಬೆಸುಗೆ ಹಾಕುತ್ತೇನೆ, ಅಷ್ಟು ಸಾಕು. ಕ್ಯಾರೆಟ್ ಚೂರು ಹುರಿದು ಕುದಿಸಿ ಅದನ್ನೇ ಚಹಾ ಎನ್ನುತ್ತೇವೆ. ಪಕ್ಕದಲ್ಲಿ ಬೆಸುಗೆ ಹಾಕುವ ಅವ್ದೋತ್ಯಾ ಚಿಕ್ಕಮ್ಮನ ಬಾಯಿಯೊಂದೇ ಯಾವ ರೇಷನ್ನಿಗೂ ಸಿಕ್ಕದೆ ಉಳಿದಿರುವುದು.

ನಿನ್ನಿಂದ ಒಂದು ಉಪಕಾರ ಬೇಕು. ನಿನ್ನ ಭಾವನ ಕಾಗದಗಳು ನಿನಗೆ ಗೊತ್ತಲ್ಲ. "ಬದುಕಿದ್ದೇನೆ. ಅಮ್ಮನಿಗೆ ನಮಸ್ಕಾರ. ಯೆಫಿಮ್." ಕೋಳಿ ಕೆದರಿದಂಥ ಅಕ್ಷರ, ಅದೂ ಮೂರೇ ಸಾಲು. ಮದುವೆಯಾಗಿ ಆರು ವರ್ಷವಾಯಿತು, ಒಮ್ಮೆಯೂ "ಪ್ರಿಯ" ಎಂದು ಬರೆದವರಲ್ಲ. ಅದಕ್ಕೆ ಬೇಸರವಿಲ್ಲ. ಆದರೆ ಯುದ್ಧರಂಗದಲ್ಲಿ ಹುಡುಗಿಯರಿದ್ದಾರಂತೆ, ಟೆಲಿಫೋನಿನವರು, ಅಡುಗೆಯವರು, ನಿನ್ನ ಹಾಗೆ ನರ್ಸುಗಳು. ಅಲ್ಲಿ ನನ್ನ ಕಣ್ಣು ನೀನೇ. ಅವರು ಯಾರ ಜೊತೆ ನಗುತ್ತಾರೆ, ಕಿತ್ತ ಗುಂಡಿ ಯಾರ ಹತ್ತಿರ ಹೊಲಿಸಿಕೊಳ್ಳುತ್ತಾರೆ, ಬರೆ. ಇದನ್ನು ಬರೆಯುವಾಗಲೇ ನಾಚಿಕೆಯಾಗುತ್ತಿದೆ. ಆದರೂ ಹೊಡೆದುಹಾಕುವುದಿಲ್ಲ.

ಇದರ ಹಿಂದೆಯೇ ಒಂದು ಸಣ್ಣ ಗಂಟು ಬರುತ್ತದೆ. ನನ್ನ ಹಳೆಯ ನೀಲಿ ಹೂವಿನ ಲಂಗದ ಬಟ್ಟೆ. ಕಾಲಿಗೆ ಸುತ್ತಿಕೋ, ಏನಾದರೂ ಹೊಲಿದುಕೋ. ಮೇಷ್ಟ್ರು ಹೊಡೆದು ಹೊಡೆದು ನಿನಗೆ ಬಲಗೈಯಲ್ಲಿ ಬರೆಯುವುದನ್ನು ಕಲಿಸಿದರು. ಸೂಜಿಯನ್ನು ಮಾತ್ರ ನಿನ್ನ ಎಡಗೈಯಿಂದ ಯಾರಿಗೂ ಕಿತ್ತುಕೊಳ್ಳಲಾಗಲಿಲ್ಲ. ಎಲ್ಲರ ಹೊಲಿಗೆ ಒಂದು ಕಡೆ ವಾಲಿದರೆ ನಿನ್ನದು ಇನ್ನೊಂದು ಕಡೆ.

ನಿನ್ನ ಅಕ್ಕ,
ಗ್ಲಾಶಾ


ಯುದ್ಧರಂಗ
ನವೆಂಬರ್ 29, 1942

ಅಕ್ಕಾ,

ಗೂಢಚಾರಳ ಮೊದಲ ವರದಿ, ಓದಿ ಒಲೆಗೆ ಹಾಕು.

ಭಾವ ಯಾರ ಜೊತೆಗೂ ನಗುವುದಿಲ್ಲ. ಟೆಲಿಫೋನಿನ ಹುಡುಗಿ ಒಮ್ಮೆ ಅವರಿಗೆ ಸಕ್ಕರೆ ತುಂಡು ಕೊಟ್ಟಳು. "ಥ್ಯಾಂಕ್ಸ್" ಎಂದು ತೆಗೆದುಕೊಂಡು ನನಗೆ ತಂದು ಕೊಟ್ಟರು. ಗುಂಡಿ ತಾವೇ ಹೊಲಿದುಕೊಳ್ಳುತ್ತಾರೆ, ಅದೂ ತಂತಿಯಲ್ಲಿ. ನಿನಗೆ ಇಲ್ಲೊಬ್ಬಳು ಸವತಿ ಇದ್ದಾಳೆ ನಿಜ. ಹೆಸರು "ಮುದುಕಿ". ಭಾವನ ಗಾಡಿ. ಊರಿನ ಹೊಲದಲ್ಲಿ ಓಡಿಸುತ್ತಿದ್ದರಲ್ಲ, ಕಬ್ಬಿಣದ ಚೈನಿನ ಮೇಲೆ ತೆವಳುವ ಟ್ರ್ಯಾಕ್ಟರು, ಅದರದೇ ಜಾತಿ. ಬೆನ್ನ ಮೇಲೆ ಮಾತ್ರ ನೇಗಿಲಿನ ಬದಲು ■■■■■■■■■■ ಹೊತ್ತಿರುತ್ತಾಳೆ. ಬಂದು ನಿಂತು, ಆಕಾಶ ಹರಿಯುವ ಹಾಗೆ ಒಮ್ಮೆ ಕಿರುಚಿ, ಶತ್ರು ತಿರುಗಿ ಹೊಡೆಯುವ ಮೊದಲು ಓಡಿಬಿಡಬೇಕು. ಓಡುವುದೆಂದರೇನು, ಅವಳ ಓಟ ನಿನಗೆ ಗೊತ್ತೇ ಇದೆ, ಬಸುರಿ ಹಸುವಿನ ಹಾಗೆ. ಆದರೆ ದೊಡ್ಡ ದೊಡ್ಡ ಲಾರಿಗಳು ಕೆಸರಿನಲ್ಲಿ ಹೂತು ಅಳುತ್ತಿರುವಾಗ ನಮ್ಮ ಮುದುಕಿ ಪಕ್ಕದಲ್ಲೇ ಗೊಣಗುತ್ತ ದಾಟಿ ಹೋಗುತ್ತಾಳೆ.

ಭಾವ ಬೆಳಿಗ್ಗೆ ಎದ್ದು ಅವಳ ಮೂತಿಯ ಮೇಲೆ ಅಂಗೈ ಇಟ್ಟು "ಏನಮ್ಮಾ, ನಿದ್ದೆ ಆಯ್ತಾ?" ಎನ್ನುತ್ತಾರೆ. ನಿನ್ನನ್ನು ಒಮ್ಮೆಯಾದರೂ ಹಾಗೆ ಕೇಳಿದ್ದರಾ? ನಮ್ಮ ಲೆಫ್ಟಿನೆಂಟ್ ಗೊರ್ದೇಯೆವ್, "ಯೆಫಿಮ್, ನಾಳೆ ಬೇರೆ ಡ್ರೈವರ್ ಕೂರಿಸ್ತೀನಿ, ನೀನು ರೆಸ್ಟ್ ತಗೋ" ಎಂದರೆ ಮುಖ ಕಪ್ಪಾಗುತ್ತದೆ. "ಬೇರೆಯವ್ರ ಕೈಗೆ ಅವ್ಳು ಬಗ್ಗಲ್ಲ ಸಾರ್" ಎನ್ನುತ್ತಾರೆ. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಲ್ಲ ಅಕ್ಕಾ.

ನಾನು ಔಷಧಿ ಚೀಲದ ಜೊತೆ ಹಿಂದಿನ ಲಾರಿಯಲ್ಲಿರುತ್ತೇನೆ. ನನ್ನ ಚಿಂತೆ ಬೇಡ. ನೀಲಿ ಹೂವು ಇನ್ನೂ ಬಂದಿಲ್ಲ.

ನಿನ್ನ ತಾಸ್ಯಾ


ವೆರ್ಖ್ನಯಾ ಸಲ್ಗಾ
ಡಿಸೆಂಬರ್ 22, 1942

ತಾಸ್ಯಾ,

ನಿನ್ನ ವರದಿಯನ್ನು ಅತ್ತೆಗೆ ಓದಿ ಹೇಳಿದೆ. ಬಸುರಿ ಹಸುವಿನ ಸಾಲನ್ನು ಮತ್ತೆ ಮತ್ತೆ ಓದಿಸಿದರು. "ಸವತಿ ಅಂದ್ರೆ ಹಿಂಗಿರ್ಬೇಕು. ಉಣ್ಣಾಕಿಕ್ಕದು ಬ್ಯಾಡ, ಉಡ್ಸದು ಬ್ಯಾಡ" ಎಂದು ನಕ್ಕರು. ನಾನೂ ನಕ್ಕೆ.

ನಕ್ಕ ಮೇಲೆ ಬೆಸುಗೆಯ ಮುಂದೆ ಕೂತು ಯೋಚಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಅವರು ಏನು ಹೇಳುತ್ತಾರೆಂಬುದು ನಿನಗೆ ಗೊತ್ತು. ನನಗೆ ಮರೆತುಹೋಗಿದೆ. ಅವರು ಸಕ್ಕರೆ ತುಂಡನ್ನು ನಿನಗೆ ತಂದು ಕೊಟ್ಟರು. ಅದು ಸರಿಯೇ, ನೋಡಿಕೊಳ್ಳಿ ಎಂದವಳು ನಾನು. ಆದರೂ ಇಡೀ ದಿನ ನನಗೆ ಆ ಸಕ್ಕರೆಯದೇ ಯೋಚನೆ. ಸ್ವಂತ ತಂಗಿಯ ಬಾಯಿಗೆ ಹೋದ ಸಕ್ಕರೆಯನ್ನು ಎಣಿಸುವವಳು ಎಂಥ ಹೆಂಗಸು ಎಂದು ನನ್ನನ್ನೇ ಕೇಳಿಕೊಂಡೆ.

ಮುದುಕಿಯ ಬೆನ್ನ ಮೇಲಿರುವುದಕ್ಕೆ ಸೆನ್ಸಾರಿನವರು ಮಸಿ ಬಳಿದಿದ್ದಾರೆ. ಬಳಿಯಲಿ. ಆ ಬೆನ್ನನ್ನು ನಿನಗಿಂತ ಚೆನ್ನಾಗಿ ಬಲ್ಲವಳು ನಾನು, ಏಕೆಂದರೆ ■■■■■■■■■■■■■■■■. ಇಷ್ಟು ಮಾತ್ರ ಹೇಳುತ್ತೇನೆ. ನೀನು ಅವರ ಹಿಂದಿನ ಲಾರಿಯಲ್ಲಿದ್ದರೆ ನಾನು ಅವರ ಬೆನ್ನಿಗೇ ಇದ್ದೇನೆ.

ನೀಲಿ ಬಟ್ಟೆ ಸಿಕ್ಕಿತೇ?

ಗ್ಲಾಶಾ


ಯುದ್ಧರಂಗ
ಜನವರಿ 19, 1943

ಅಕ್ಕಾ,

ಭಾವ ಚೆನ್ನಾಗಿದ್ದಾರೆ. ಇದನ್ನು ಮೊದಲು ಬರೆಯುತ್ತಿದ್ದೇನೆ. ಅವರ ಕಾಗದ ತಡವಾದರೆ ಗಾಬರಿಯಾಗಬೇಡ.

ನೀಲಿ ಹೂವು ಬಂತು. ಎಷ್ಟು ಉಪಯೋಗಕ್ಕೆ ಬಂತೆಂದು ಒಂದು ದಿನ ಎದುರಿಗೆ ಕೂತು ಹೇಳುತ್ತೇನೆ.

ನಾನೀಗ ಹಿಂದಿನ ಲಾರಿಯಲ್ಲಿಲ್ಲ. ಮುದುಕಿಯಲ್ಲೇ ಕೂರುತ್ತೇನೆ. ಅವಳ ಇಂಜಿನ್ನು ಎರಡು ಸೀಟುಗಳ ನಡುವೆ ಇರುತ್ತದೆ, ಮೇಲೊಂದು ತಗಡಿನ ಮುಚ್ಚಳ. ಎಡಗಡೆ ಭಾವ, ಬಲಗಡೆ ಲೆಫ್ಟಿನೆಂಟ್, ನಡುವೆ ಮುಚ್ಚಳದ ಮೇಲೆ ನಾನು. ಹೊರಗೆ ಉಗುಳಿದರೆ ಮಂಜುಗಡ್ಡೆಯಾಗಿ ಬೀಳುವ ಚಳಿ, ನನ್ನ ಕೆಳಗೆ ನಮ್ಮನೆಯ ಒಲೆಕಟ್ಟೆಯ ಹಾಗೆ ಬಿಸಿ. ಇಡೀ ಯುದ್ಧದಲ್ಲಿ ಇಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ನಾನು ಇಲ್ಲಿಗೆ ಬಂದದ್ದು ■■■■■■■■■■■■■■■■■■■■■■■■ ಎಂಬ ಕಾರಣಕ್ಕೆ.

ಹೆಚ್ಚು ಬರೆಯಲಾರೆ. ಅತ್ತೆಗೆ ನಮಸ್ಕಾರ.

ತಾಸ್ಯಾ


ವೆರ್ಖ್ನಯಾ ಸಲ್ಗಾ
ಫೆಬ್ರವರಿ 14, 1943

ತಾಸ್ಯಾ,

ನಿನ್ನೆ ಎರಡು ಕಾಗದ ಒಟ್ಟಿಗೇ ಬಂದವು. ಒಂದು ನಿನ್ನದು. ಇನ್ನೊಂದರ ಕೆಳಗೆ ಯೆಫಿಮ್ ಎಂದು ಹೆಸರಿದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ ಕೈ. ನಿನ್ನ ದುಂಡು ಅಕ್ಷರ ನನಗೆ ಗೊತ್ತಾಗುವುದಿಲ್ಲವೇ? ಮೇಷ್ಟ್ರ ಏಟಿಗೆ ಊದಿಕೊಂಡ ಆ ಕೈಯನ್ನು ಹಿಡಿದು ಮನೆಯಲ್ಲಿ ತಿದ್ದಿಸಿದವಳೇ ನಾನು.

ಆ ಕಾಗದದಲ್ಲಿ ನನ್ನನ್ನು ಮುದ್ದಿನಿಂದ "ನನ್ನ ಗ್ಲಾಶೆಂಕಾ" ಎಂದು ಕರೆದಿದೆ. "ಈಗೀಗ ನಿನ್ನ ಕೈಗಳ ನೆನಪೇ ಹೆಚ್ಚು" ಎಂದಿದೆ. ಯೆಫಿಮ್ ಅಂಥ ಮಾತು ಆಡಿದವರಲ್ಲ. ಹೊಲದಿಂದ ಬಂದರೆ "ಗ್ಲಾಶಾ, ಸೂಪು" ಎಂದವರು. ಆರು ವರ್ಷ ನನಗೆ ಸಿಕ್ಕದ ಮಾತು ನಿನ್ನ ಅಕ್ಷರದಲ್ಲಿ ಏಕೆ ಬಂತು? ಮಾತು ಅವರದೇ ಆದರೆ, ಅದನ್ನು ಹೇಳಲು ಅವರಿಗೆ ಯಾರು ಕಲಿಸಿದರು? ನಿನ್ನದಾದರೆ, ನನ್ನನ್ನು ಸಮಾಧಾನಪಡಿಸುವ ಅಗತ್ಯ ನಿನಗೆ ಯಾಕೆ ಬಿತ್ತು?

ಅತ್ತೆಗೆ ಓದಿದೆ. "ಅಕ್ಸರ ಯಾರ್ದೋ ನಂಗೇನ್ ಗೊತ್ತು ಕಣವ್ವಾ. ಮಾತು ನನ್ ಮಗಂದೇ. ಚಿಕ್ಕೋನಿದ್ದಾಗ ನಂಗೂ ಹಿಂಗೇ ಮುದ್ದು ಮಾಡ್ತಿದ್ದ, ಯಾರೂ ನೋಡ್ದಿದ್ರೆ" ಎಂದರು. ಮಗನ ಪರವಾಗಿ ತಾಯಿ ಇನ್ನೇನು ಹೇಳಿಯಾರು?

ಅವ್ದೋತ್ಯಾ ಚಿಕ್ಕಮ್ಮನ ಹತ್ತಿರ ಹೇಳಬಾರದಿತ್ತು, ಹೇಳಿಬಿಟ್ಟೆ. ಅವಳು ಬೆಸುಗೆಯ ಮುಖವಾಡ ಮೇಲೆತ್ತಿ ನನ್ನನ್ನು ನೋಡಿದಳು. "ಊರಲ್ಲಿರೋಳು ಹೆಂಡ್ತಿ, ಅಲ್ಲಿರೋಳು ಒಲೆ. ಚಳಿ ಬಿದ್ದಾಗ ಗಂಡ್ಸು ಎಲ್ಲಿಗ್ ಹೋಗ್ತಾನೆ ಹೇಳು? ಯುದ್ಧದ ಹೆಂಡ್ತಿ ಅಂತಾನೇ ಹೆಸ್ರಿಟ್ಟವ್ರೆ, ನೀನೊಬ್ಳು ಕೇಳಿಲ್ವಾ?" ಎಂದಳು. "ಅವಳು ನನ್ನ ತಂಗಿ" ಎಂದೆ. "ಅದಕ್ಕೇ ಹೇಳ್ತಿರೋದು. ಬೇರೆಯೋಳಾಗಿದ್ರೆ ಹುಡುಕ್ಬೇಕಿತ್ತು. ಇವ್ಳು ಕೈಗೇ ಸಿಕ್ಕವ್ಳೆ."

ನೀನು ಒಲೆಕಟ್ಟೆಯ ಬಿಸಿಯ ಬಗ್ಗೆ ಬರೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ ತಾಸ್ಯಾ. ಒಲೆ ಎಂಬ ಮಾತು ಅವಳ ಬಾಯಿಗೆ ತಾನಾಗಿಯೇ ಬಂತು.

ನನಗೆ ಹುಚ್ಚು ಹಿಡಿದಿದೆಯೇ ಎಂದು ಕೇಳಿಕೊಂಡಿದ್ದೇನೆ. ಹಿಡಿದಿದ್ದರೆ ಒಂದೇ ಸಾಲಿನಲ್ಲಿ ಬಿಡಿಸು. ನಿನ್ನ ಕೈಯಲ್ಲಿ ಯಾಕೆ?

ಗ್ಲಾಶಾ


ಯುದ್ಧರಂಗ
ಮಾರ್ಚ್ 8, 1943

ಅಕ್ಕಾ,

ಹೇಳಬೇಡವೆಂದು ಭಾವ ಆಣೆ ಹಾಕಿಸಿಕೊಂಡಿದ್ದಾರೆ. ಆದರೂ ನಿನ್ನ ಕಾಗದ ಓದಿದ ಮೇಲೆ ಆಣೆ ಮುರಿಯುತ್ತಿದ್ದೇನೆ.

ಜನವರಿಯಲ್ಲಿ ಒಂದು ದಿನ ■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■■ ಅಂದಿನಿಂದ ಅವರಿಗೆ ನಾನಿಲ್ಲದೆ ಆಗುವುದಿಲ್ಲ. ಹಗಲೂ ರಾತ್ರಿ ಪಕ್ಕದಲ್ಲೇ ಇರಬೇಕು. ■■■■■■■■■■■■■■■■■■■■■■■■■■■■■■■■■■■■■■■■ ಲೆಫ್ಟಿನೆಂಟರಿಗೂ ಗೊತ್ತು, ಅವರೂ ಕಂಡೂ ಕಾಣದ ಹಾಗಿದ್ದಾರೆ.

ಆದದ್ದು ಆಗಿಹೋಯಿತು. ಯಾರದೂ ತಪ್ಪಲ್ಲ. ನೀನು ಅತ್ತು ಕೂರಬಾರದೆಂದೇ ಅವರು ನಿನಗೆ ಹೇಳಬೇಡ ಎಂದದ್ದು. ಈಗ ಎಲ್ಲವನ್ನೂ ಬರೆದ ಮೇಲೆ ಎದೆ ಹಗುರವಾಗಿದೆ. ನೀನು ಅರ್ಥ ಮಾಡಿಕೊಳ್ಳುತ್ತೀ ಎಂದು ಗೊತ್ತು.

ನಿನ್ನ ತಾಸ್ಯಾ


ವೆರ್ಖ್ನಯಾ ಸಲ್ಗಾ
ಮಾರ್ಚ್ 27, 1943

ತೈಸಿಯಾ ಅವರಿಗೆ,

ಇನ್ನು ಮೇಲೆ ತಾಸ್ಯಾ ಅಲ್ಲ, ನಿಮ್ಮ ಪೂರ್ತಿ ಹೆಸರೇ ಸಾಕು. ನಿಮ್ಮ ಕಾಗದ ತಲುಪಿತು. ಮಸಿಯ ಕೆಳಗೆ ಏನಿತ್ತೆಂದು ನೋಡಲು ಹಾಳೆಯನ್ನು ಕಿಟಕಿಯ ಗಾಜಿಗೆ ಹಿಡಿದೆ, ದೀಪಕ್ಕೆ ಹಿಡಿದೆ. ಕಾಣಲಿಲ್ಲ. ಮಸಿ ಬೀಳದೆ ಉಳಿದ ಸಾಲುಗಳೇ ಸಾಕಾಗಿವೆ. ಅವನಿಗೆ ನೀವಿಲ್ಲದೆ ಆಗುವುದಿಲ್ಲ. ಹಗಲೂ ರಾತ್ರಿ ಪಕ್ಕದಲ್ಲೇ ಇರಬೇಕು. ಲೆಫ್ಟಿನೆಂಟ್ ಕಂಡೂ ಕಾಣದ ಹಾಗಿದ್ದಾರೆ. ನಾನು ಅರ್ಥ ಮಾಡಿಕೊಳ್ಳುತ್ತೇನೆ ಎಂದಿರಿ. ಮಾಡಿಕೊಂಡಿದ್ದೇನೆ.

ಅಮ್ಮ ತೀರಿಹೋದಾಗ ನಿಮಗೆ ಒಂಬತ್ತು ವರ್ಷ. ನನ್ನ ಪಾಲಿನ ರೊಟ್ಟಿಯ ಮೆತ್ತಗಿನ ಭಾಗ ನಿಮಗೆ ಕೊಟ್ಟು ಅಂಚು ನಾನು ತಿನ್ನುತ್ತಿದ್ದೆ. ಆಗ ನನಗೆ ಅದು ಕಷ್ಟವೆನಿಸಲಿಲ್ಲ. ನನ್ನ ತಟ್ಟೆಯಿಂದ ಎತ್ತಿಕೊಳ್ಳುವ ಅಭ್ಯಾಸ ಅಲ್ಲಿಯೇ ಆಯಿತೇನೋ.

ನಿಮ್ಮ ದಳದಲ್ಲಿ ಸೈನಿಕರ ನಡತೆ ವಿಚಾರಿಸುವ ರಾಜಕೀಯ ಅಧಿಕಾರಿಗೆ ನಾನು ಪತ್ರ ಬರೆದಿದ್ದೇನೆ. ಹಿಂದೆ ಉಳಿದ ಹೆಂಡತಿಯರಿಗೆ ಆ ಹಕ್ಕಿದೆ. ಒಬ್ಬ ನರ್ಸ್ ಯಾವ ಕಾರಣಕ್ಕೆ ಡ್ರೈವರನ ಪಕ್ಕದಲ್ಲಿ ಕೂರುತ್ತಾಳೆ ಎಂದಷ್ಟೇ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ನಿಮ್ಮ ಕಾಗದದಿಂದಲೇ ಎತ್ತಿದ ಸಂಗತಿ.

ಗ್ಲಾಫಿರಾ


ಆಸ್ಪತ್ರೆ ರೈಲು
ಏಪ್ರಿಲ್ 25, 1943

ಗ್ಲಾಫಿರಾ ಅವರಿಗೆ,

ನೀವು ಪೂರ್ತಿ ಹೆಸರು ಹಿಡಿದು "ನೀವು" ಎಂದಿರಿ. ನಾನೂ ಹಾಗೆಯೇ ಬರೆಯುತ್ತೇನೆ.

ರಾಜಕೀಯ ಅಧಿಕಾರಿ ನನ್ನನ್ನು ಕರೆಸಿ ನಿಮ್ಮ ಪತ್ರ ಓದಿದರು. ಅಲ್ಲಿ ಟೆಲಿಫೋನಿನ ಹುಡುಗಿಯೂ ಇದ್ದಳು, ಟೈಪಿಸ್ಟನೂ ಇದ್ದ. ಓದಿ ಮುಗಿಸಿ, "ಏನಮ್ಮಾ, ಆ ಸೀಟು ಅಷ್ಟು ಬೆಚ್ಚಗಿತ್ತಾ?" ಎಂದು ಕೇಳಿದರು. ಟೈಪಿಸ್ಟ್ ನಕ್ಕ. ನಾನು ಉತ್ತರ ಕೊಡಲಿಲ್ಲ. ಕೊಡಬಹುದಿತ್ತು. ಕೊಟ್ಟಿದ್ದರೆ ಬೇರೆ ಇಬ್ಬರಿಗೆ ತೊಂದರೆಯಾಗುತ್ತಿತ್ತು.

ಸಂಜೆಯೊಳಗೆ ವರ್ಗದ ಆರ್ಡರು ಬಂತು. ಈಗ ಗಾಯಾಳುಗಳನ್ನು ಹೊತ್ತು ತಿರುಗುವ ರೈಲಿನಲ್ಲಿದ್ದೇನೆ. ನಾನು ಇಳಿದಾಗ ಮುದುಕಿಯ ಇಂಜಿನ್ನು ಓಡುತ್ತಿತ್ತು. ಆ ಮುಚ್ಚಳದ ಮೇಲೆ ಈಗ ಯಾರಾದರೂ ಕೂರುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ. ಕೂರುತ್ತಿರಲಿ ಎಂದು ದೇವರನ್ನು ಕೇಳಿಕೊಳ್ಳುತ್ತೇನೆ. ದೇವರಿಲ್ಲವೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರೂ ಕೇಳಿಕೊಳ್ಳುತ್ತೇನೆ.

ತೈಸಿಯಾ


ವೆರ್ಖ್ನಯಾ ಸಲ್ಗಾ
ಆಗಸ್ಟ್ 11, 1943

ತಾಸ್ಯಾ,

ಇದು ಅಂಚೆಯಲ್ಲಿ ಬರುವುದಿಲ್ಲ. ನಿಮ್ಮ ರೈಲು ನೀರು ತುಂಬಿಸಿಕೊಳ್ಳುವ ನಿಲ್ದಾಣದಲ್ಲಿ ಅವ್ದೋತ್ಯಾ ಚಿಕ್ಕಮ್ಮನ ಅಣ್ಣ ಕೆಲಸದಲ್ಲಿದ್ದಾನೆ. ಅವನೇ ನಿನ್ನ ಕೈಗೆ ಕೊಡುತ್ತಾನೆ. ನಡುವೆ ಮಸಿ ಬಳಿಯುವವರು ಯಾರೂ ಇಲ್ಲ. ಅದಕ್ಕೇ ಮೊದಲ ಸಲ ಎಲ್ಲವನ್ನೂ ಅದರದರ ಹೆಸರು ಹಿಡಿದು ಬರೆಯುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ನಾನು ಬೆಸೆಯುವುದು ಕಂಬಿಗಳನ್ನು. ಟ್ರ್ಯಾಕ್ಟರಿನ ಬೆನ್ನ ಮೇಲೆ ಓರೆಯಾಗಿ ನಿಲ್ಲುವ ಕಂಬಿಗಳು, ಅವುಗಳ ಮೇಲೆ ಸಾಲಾಗಿ ರಾಕೆಟ್ಟುಗಳು. ನಿಮ್ಮ ಮುದುಕಿಯ ಬೆನ್ನು. ಅಲ್ಲಿ ಏಟು ತಿಂದ ಗಾಡಿಗಳೂ ದುರಸ್ತಿಗೆ ಇಲ್ಲಿಗೇ ಬರುತ್ತವೆ.

ಸೋಮವಾರ ಊಟದ ಹೊತ್ತಿಗೆ ಒಂದು ಬಂತು. ಒಂದು ಕಡೆಯ ಚೈನು ಕಿತ್ತುಹೋಗಿತ್ತು, ಡ್ರೈವರನ ಬಾಗಿಲೇ ಇರಲಿಲ್ಲ. ಒಳಗೆ ಕಸ ತೆಗೆಯಲು ಹತ್ತಿದೆ. ಗಾಡಿ ತಿರುಗಿಸಲು ಎಳೆಯುವ ಎರಡು ಸನ್ನೆಕೋಲುಗಳಿವೆಯಲ್ಲ, ಅವುಗಳಿಗೆ ಚರ್ಮದ ಕುಣಿಕೆ ಕಟ್ಟಿತ್ತು. ಬೂಟಿನ ಮೇಲ್ಭಾಗ ಕತ್ತರಿಸಿದ ಚರ್ಮ. ಒಳಗೆ ಮೆತ್ತೆಗೆ ಬಟ್ಟೆ. ನೀಲಿ ಹೂವು. ಹೊಲಿಗೆ ಉಲ್ಟಾ ಕಡೆಗೆ ವಾಲಿತ್ತು.

ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಲಂಗದ ಬಟ್ಟೆಯಲ್ಲಿ ಅವನಿಗೆ ಅಲಂಕಾರ ಮಾಡಿದ್ದಾಳೆ ಎಂದುಕೊಂಡೆ. ಇದನ್ನು ನೀನು ತಿಳಿದಿರಬೇಕು. ಆಮೇಲೆ ಅವರ ಜಾಗದಲ್ಲಿ ಕೂತು ಕುಣಿಕೆಗಳಿಗೆ ಕೈ ಹಾಕಿದೆ. ಅವು ಬೆರಳುಗಳಿಗೆ ದೊಡ್ಡವು. ಮಣಿಕಟ್ಟಿಗೆ ಸರಿಯಾಗಿ ಕೂತವು. ಒಳಗಿನ ಹೂವು ಉಜ್ಜಿ ಉಜ್ಜಿ ಬಿಳಿಯಾಗಿತ್ತು. ಸನ್ನೆ ಹಿಡಿಯಲು ಬೆರಳಿರುವ ಮನುಷ್ಯನಿಗೆ ಇಂಥದ್ದು ಯಾಕೆ ಬೇಕು ಎಂದು ನನ್ನನ್ನೇ ಕೇಳಿದೆ. ಉತ್ತರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿನ್ನ ಮಸಿಯ ಸಾಲುಗಳೆಲ್ಲ ಅಲ್ಲೇ ಬಿಡಿಸಿಕೊಂಡವು.

ಮಣಿಕಟ್ಟು ಎರಡೂ ಕುಣಿಕೆಯಲ್ಲಿದ್ದರೆ ಗೇರು ಹಾಕುವುದು ಹೇಗೆ? ಗೇರಿನ ಸನ್ನೆ ಬಲಗಡೆ, ಇಂಜಿನ್ನಿನ ಮುಚ್ಚಳದ ಪಕ್ಕ. ಎದ್ದು ಆ ಮುಚ್ಚಳದ ಮೇಲೆ ಕೂತೆ. ನನ್ನ ಎಡಗೈ ತಾನಾಗಿ ಗೇರಿನ ಮೇಲೆ ಬಂತು. ನಿನ್ನ ಎಡಗೈ ತಾಸ್ಯಾ.

ಆಗ ಮೂರನೆಯ ಕುಣಿಕೆ ಕಂಡಿತು. ಗೇರಿನ ಸನ್ನೆಗೆ ಕಟ್ಟಿದ್ದು. ಅದು ನಿನ್ನದಲ್ಲ. ಬರೀ ತಂತಿ, ಗುಂಡಿ ಹೊಲಿಯುವವರು ಸುತ್ತಿದ ಹಾಗೆ ಒರಟಾಗಿ ಸುತ್ತಿದ ತಂತಿ. ಕಂದು ಬಣ್ಣ ಕಟ್ಟಿತ್ತು, ತುಕ್ಕಲ್ಲ. ಒಂದು ಕಡೆ ಇಕ್ಕಳದಿಂದ ಕತ್ತರಿಸಿದ್ದರು. ನಿನ್ನ ಜಾಗದಲ್ಲಿ ಬಂದು ಕೂತದ್ದು ಅದು. ಅದನ್ನು ಅಲ್ಲಿ ಕೂರಿಸಿದ್ದು ನನ್ನ ಪತ್ರ.

ಏಪ್ರಿಲ್‌ನಿಂದ ಅವರ ಕಾಗದವಿಲ್ಲ. ತಪ್ಪು ಮಾಡಿದವನು ಮುಖ ಮರೆಸಿಕೊಂಡಿದ್ದಾನೆ ಎಂದುಕೊಂಡಿದ್ದೆ. ಬರೆದುಕೊಡುವವರಿಲ್ಲ ಎಂದು ಈಗ ಹೊಳೆಯುತ್ತಿದೆ. ಅವರು ಬದುಕಿದ್ದಾರೆಯೇ? ನಿನಗೆ ಗೊತ್ತಿದ್ದರೆ ಹೇಳು. ನನ್ನನ್ನು ಬೈಯುವುದನ್ನೂ ಅದರಲ್ಲೇ ಸೇರಿಸು.

ಗ್ಲಾಶಾ


ಆಸ್ಪತ್ರೆ ರೈಲು
ಸೆಪ್ಟೆಂಬರ್ 6, 1943

ಗ್ಲಾಫಿರಾ ಅವರಿಗೆ,

ಬದುಕಿದ್ದಾರೆ. ಇದನ್ನು ಮೊದಲು ಬರೆಯುತ್ತಿದ್ದೇನೆ.

ಜುಲೈನಲ್ಲಿ ನಮ್ಮ ರೈಲಿಗೇ ಹತ್ತಿಸಿದರು. ನಾನು ಸ್ಟ್ರೆಚರ್ ಎತ್ತಲು ಬಗ್ಗಿದೆ. "ತಾಸ್ಯಾ, ನೀನಿಲ್ದೆ ಮುದುಕಿಗೆ ಮೂರ್ನೇ ಗೇರು ಬೀಳ್ತಿರ್ಲಿಲ್ಲ ಕಣೇ" ಎಂದರು. ಗುರುತು ಸಿಕ್ಕಿದ್ದೇ ಆ ಮಾತಿನಿಂದ.

ಇದನ್ನೂ ಅವ್ದೋತ್ಯಾ ಚಿಕ್ಕಮ್ಮನ ಅಣ್ಣನ ಕೈಗೇ ಕೊಡುತ್ತಿದ್ದೇನೆ, ಅದಕ್ಕೇ ನೀವು ಕೇಳಿದ್ದಕ್ಕೆ ಪೂರ್ತಿ ಉತ್ತರ. ಜನವರಿಯಲ್ಲಿ ಎಲ್ಲ ರಾಕೆಟ್ಟುಗಳೂ ಹಾರಿ ಒಂದು ಮಾತ್ರ ಕಂಬಿಯ ಮೇಲೆ ಉಳಿದುಬಿಟ್ಟಿತು. ಶತ್ರುವಿನ ಗುಂಡು ನಮ್ಮ ಜಾಗ ಹುಡುಕುತ್ತ ಬರುತ್ತಿತ್ತು. ಅದನ್ನು ಹೊತ್ತುಕೊಂಡು ಓಡುವ ಹಾಗಿಲ್ಲ. ಭಾವ ಮೇಲೆ ಹತ್ತಿ ಎರಡು ಕೈಯಲ್ಲೂ ಹಿಡಿದು ತಳ್ಳಿದರು. ಆಚೆ ಬೀಳುವಾಗ ಹೊತ್ತಿಕೊಂಡಿತು. ಎರಡು ಅಂಗೈಗಳೂ ಬೆಂದವು, ಬೆರಳು ಮಡಚಲು ಬಾರದ ಹಾಗೆ. ಮೇಲಿನವರಿಗೆ ಗೊತ್ತಾದರೆ ಊರಿಗೆ ಕಳಿಸಿ ಮುದುಕಿಯ ಮೇಲೆ ಬೇರೆಯವರನ್ನು ಕೂರಿಸುತ್ತಾರೆ. "ಅವ್ಳು ಅವ್ರನ್ನ ಹಳ್ಳಕ್ಕೆ ಹಾಕ್ತಾಳೆ, ಐದು ಜನ ಸಾಯ್ತಾರೆ" ಎಂದರು. ಲೆಫ್ಟಿನೆಂಟ್ ಒಪ್ಪಿದರು. ನಾನು ಕುಣಿಕೆ ಹೊಲಿದೆ. ಜನವರಿಯಲ್ಲಿ ನಿಮಗೆ ಬರೆದ ಕಾರಣ ಬರೀ ನೆಪ. ಮಾರ್ಚ್‌ನಲ್ಲಿ ಸುಟ್ಟದ್ದನ್ನು ಬರೆದೆ, ಮೇಲಿನವರಿಂದ ಬಚ್ಚಿಟ್ಟದ್ದನ್ನು ಬರೆಯಲಿಲ್ಲ. ನಮ್ಮದೇ ರಾಕೆಟ್ಟು ನಮ್ಮವರನ್ನೇ ಸುಟ್ಟಿತೆಂಬ ಸುದ್ದಿಗೆ ಸೆನ್ಸಾರಿನವರು ಮಸಿ ಬಳಿಯುತ್ತಾರೆಂದು ನನಗೆ ಹೊಳೆದಿರಲಿಲ್ಲ.

ನಾನಿಳಿದ ಮೇಲೆ ಅವರು ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಇನ್ನೊಬ್ಬರ ಹೆಸರು ಕೆಡುವುದು ಬೇಡವೆಂದರಂತೆ. ಗಾಡಿಗೆ ಗುಂಡು ಬಡಿದಾಗ ಚರ್ಮದ ಕುಣಿಕೆಯಿಂದ ಎಡಗೈ ಜಾರಿ ಬಂತು. ತಂತಿ ಬಿಡಲಿಲ್ಲ. ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದಿದ್ದಾರೆ. ಎಡಗೈ ಬೆರಳುಗಳು ಸ್ವಲ್ಪ ಸ್ವಲ್ಪ ಮಡಚುತ್ತಿವೆ. ಚಳಿಗಾಲಕ್ಕೆ ಮೊದಲು ಮನೆಗೆ ಬರುತ್ತಾರೆ.

"ನಿನ್ನ ಯಾರು ಇಳಿಸಿದ್ದು?" ಎಂದು ಕೇಳಿದರು. "ಆರ್ಡರು ಭಾವ" ಎಂದೆ. ಅದಕ್ಕಿಂತ ಹೆಚ್ಚು ನಾನು ಹೇಳಿಲ್ಲ. ಹೇಳುವುದಾದರೆ ನೀವೇ ಹೇಳಿ.

ಆ ಗ್ಲಾಶೆಂಕಾ ಅವರದೇ ಮಾತು. ನಾನು ಬರೆದುಕೊಂಡೆ, ಅಷ್ಟೇ. ತಮ್ಮ ಕೈಯಲ್ಲಿ ಬರೆಯಲು ಆರು ವರ್ಷವೂ ನಾಚಿಕೆಯಾಯಿತಂತೆ. "ಇನ್ನೊಬ್ರ ಕೈ ಆದ್ರೆ ಪರ್ವಾಗಿಲ್ಲ, ಬರೀ" ಎಂದು ಆ ಕಡೆ ಮುಖ ತಿರುಗಿಸಿಕೊಂಡು ಹೇಳಿದರು. ಕಿವಿ ಕೆಂಪಾಗಿತ್ತು.

ಆಸ್ಪತ್ರೆಯಲ್ಲಿ ಅವರಿಗೆ ಬರೆದುಕೊಡುವವಳು ಬೇರೊಬ್ಬ ನರ್ಸು. ಅಕ್ಷರ ಸಣ್ಣ, ನೀಟು. ವಯಸ್ಸು ನನಗಿಂತ ಕಡಿಮೆ. ಅವಳ ಮೇಲಧಿಕಾರಿಗೆ ಪತ್ರ ಬರೆಯಬೇಡಿ.

ತೈಸಿಯಾ


ವೆರ್ಖ್ನಯಾ ಸಲ್ಗಾ
ಅಕ್ಟೋಬರ್ 1, 1943

ತಾಸ್ಯಾ,

ಕೊನೆಯ ಸಾಲು ನನಗೆ ಸಲ್ಲಬೇಕಾದದ್ದೇ. ಸಣ್ಣ ನೀಟು ಅಕ್ಷರದ ಕಾಗದ ಬಂತು. ಗ್ಲಾಶೆಂಕಾ ಎಂದೇ ಇದೆ. ಅತ್ತೆ ಮೂಸಿ, "ಸೀಮೆಎಣ್ಣೆ ಇಲ್ಲ, ಔಷ್ದಿ ವಾಸ್ನೆ. ಓದು" ಎಂದರು. ಓದಿ ಮುಗಿಸಿದ ಮೇಲೆ, "ನಾನ್ ಆವತ್ತೇ ಹೇಳಿದ್ದೆ" ಎಂದು ಒಂದು ಸಲ ಅಂದರು. ಇನ್ನೊಂದು ಸಲ ಅನ್ನಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಇದೂ ಚಿಕ್ಕಮ್ಮನ ಅಣ್ಣನ ಕೈಯಲ್ಲೇ ಬರುತ್ತದೆ, ಅದಕ್ಕೇ ಬರೆಯುತ್ತೇನೆ. ಮುದುಕಿ ರಿಪೇರಿಯಾಗಿ ಹೋದಳು. ಹೊಸ ಚೈನು, ಹೊಸ ಬಾಗಿಲು. ಬೆನ್ನಿನ ಕಂಬಿಗಳನ್ನು ನಾನೇ ಬೆಸೆದೆ, ಬೇರೆಯವರಿಗೆ ಮುಟ್ಟಗೊಡಲಿಲ್ಲ. "ನಿನ್ ಸ್ವಂತದ್ದಾ?" ಎಂದು ಅವ್ದೋತ್ಯಾ ಚಿಕ್ಕಮ್ಮ ಕೇಳಿದಳು. "ನನ್ನ ಸವತಿ" ಎಂದೆ. ಅವಳು ಮುಖವಾಡ ಕೆಳಗಿಳಿಸಿ ಬೆಸುಗೆಗೆ ಬಗ್ಗಿದಳು.

ಗಾಡಿಯ ನಕ್ಷೆಯಲ್ಲಿ ಇಲ್ಲದ್ದನ್ನೆಲ್ಲ ಕಿತ್ತು ಕಳಿಸಬೇಕೆಂಬುದು ನಮ್ಮಲ್ಲಿ ನಿಯಮ. ತಂತಿಯನ್ನು ಕುಲುಮೆಗೆ ಎಸೆದೆ. ಚರ್ಮದ ಕುಣಿಕೆಗಳನ್ನು ಮನೆಗೆ ತಂದೆ. ನಿನ್ನ ಹೊಲಿಗೆಯನ್ನು ಬಿಚ್ಚಿ ನನ್ನದನ್ನು ಹಾಕೋಣವೆಂದು ಸೂಜಿ ಎತ್ತಿಕೊಂಡೆ. ನನ್ನ ಬುದ್ಧಿ ನೋಡು. ಇಷ್ಟಾದ ಮೇಲೂ ಹೊಟ್ಟೆಕಿಚ್ಚು ಹೋಗಿಲ್ಲ. ಅವರು ಕೈಯಿಲ್ಲದೆ ಇದ್ದ ಆ ಮೂರು ತಿಂಗಳು ಅವರ ಕೈಯಾಗಿದ್ದವಳು ನೀನು, ನಾನಲ್ಲ. ಅದನ್ನು ಯಾವ ಸೂಜಿಯಿಂದಲೂ ಬಿಚ್ಚಲಾಗುವುದಿಲ್ಲ. ಸೂಜಿಯನ್ನು ತಿರುಗಿ ಡಬ್ಬಿಯಲ್ಲಿಟ್ಟೆ.

ಅವರು ಬಂದ ದಿನ, ಅತ್ತೆಯ ಎದುರಿಗೇ, ನಿನ್ನನ್ನು ಇಳಿಸಿದ ಆ ಪತ್ರ ನನ್ನದೆಂದು ಹೇಳುತ್ತೇನೆ. ಬಾಗಿಲಲ್ಲಿ ಅವರನ್ನು ಕಂಡಾಗ ಧೈರ್ಯ ಉಳಿಯುತ್ತದೋ ಇಲ್ಲವೋ ಎಂದು ಈಗಲೇ ಅನುಮಾನ. ಅದಕ್ಕೇ ನಿನಗೆ ಮೊದಲು ಬರೆದು ಮಾತು ಕೊಡುತ್ತಿದ್ದೇನೆ. ಮಾತು ಉಳಿಸಿಕೊಂಡೆನೋ ಇಲ್ಲವೋ ಎಂದು ಅವರನ್ನೇ ಕೇಳು.

ಅವರು ಬರುವ ಹೊತ್ತಿಗೆ ನಿನಗೆ ರಜೆ ಸಿಕ್ಕೀತೇ? ಒಲೆಕಟ್ಟೆಯ ಬೆಚ್ಚಗಿನ ಮೂಲೆ ನಿನಗೆ. ಹೀಗೆ ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂಬುದು ನಿನಗೊಬ್ಬಳಿಗೇ ಗೊತ್ತಾಗುತ್ತದೆ.

ನಿನ್ನ ಎರಡು ಕಾಗದಗಳ ಮೇಲೂ "ಗ್ಲಾಫಿರಾ ಅವರಿಗೆ" ಎಂದಿದೆ. ಮುಂದಿನದಕ್ಕೆ "ಅಕ್ಕಾ" ಎಂದು ಬರೆ. ಹಾಗೆ ಬರೆಯಲು ನಿನ್ನ ಕೈ ಇನ್ನೂ ಒಪ್ಪದಿದ್ದರೆ, ಇನ್ನೊಬ್ಬರ ಕೈಯಲ್ಲಾದರೂ ಬರೆಸು. ಅಕ್ಷರ ಯಾರದೆಂದು ನಾನು ನೋಡುವುದಿಲ್ಲ.

ಗ್ಲಾಶಾ